ಹೊಗೆಯ ಲೆಕ್ಕ, ಬೆಂಕಿಯ ಬೆಲೆ

1962ರ ಜನವರಿಯಲ್ಲಿ ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ರೇಡಿಯೊ ಎಂಜಿನಿಯರ್ಸ್ ಸಂಸ್ಥೆ ಹೊರತರುತ್ತಿದ್ದ ಮಾಹಿತಿ ಸಿದ್ಧಾಂತದ ಜರ್ನಲ್‌ನಲ್ಲಿ ಎಂಟು ಪುಟಗಳ ಲೇಖನವೊಂದು ಅಚ್ಚಾಯಿತು. ಬರೆದವರು ಎಂಐಟಿಯ ರಾಬರ್ಟ್ ಗ್ಯಾಲಗರ್. ಗದ್ದಲದ ದಾರಿ ಹಾದು ಬರುವ ಸಂದೇಶದಲ್ಲಿ ಅಲ್ಲಲ್ಲಿ ಸೊನ್ನೆ ಒಂದಾಗಿ, ಒಂದು ಸೊನ್ನೆಯಾಗಿ ಕೆಟ್ಟಿರುತ್ತದೆ. ಆ ತಪ್ಪನ್ನು ತಲುಪಿದ ಕಡೆಯೇ ಪತ್ತೆಹಚ್ಚಿ ತಿದ್ದಿಕೊಳ್ಳಲು ಅನುವು ಮಾಡುವ ಹೊಸ ಬಗೆಯ ಕೋಡ್ ಈ ಲೇಖನದ ವಿಷಯ. ಸಂದೇಶದ ಬಿಟ್‌ಗಳ ಮೇಲೆ ತಾಳೆ ನೋಡುವ ನಿಯಮಗಳನ್ನು ಹಾಕಬೇಕು. ಆದರೆ ಒಂದೊಂದು ನಿಯಮವೂ ಕೆಲವೇ ಬಿಟ್‌ಗಳನ್ನು ಮುಟ್ಟಬೇಕು, ಒಂದೊಂದು ಬಿಟ್ ಕೂಡ ಕೆಲವೇ ನಿಯಮಗಳಿಗೆ ಒಳಪಡಬೇಕು. ಹೀಗೆ ವಿರಳವಾಗಿ ಹೆಣೆದರೆ, ಬಿಟ್‌ಗಳ ಮೇಲಿನ ಸಂದೇಹವನ್ನು ನಿಯಮಗಳ ನೆರವಿನಿಂದ ಸುತ್ತುಸುತ್ತಾಗಿ ಕಡಿಮೆ ಮಾಡುತ್ತ ಹೋಗಿ ಮೂಲ ಸಂದೇಶವನ್ನು ಪಡೆಯಬಹುದು ಎಂದು ಗ್ಯಾಲಗರ್ ತೋರಿಸಿದರು. ಅಷ್ಟು ಲೆಕ್ಕವನ್ನು ಬೇಗ ಮಾಡಿ ಮುಗಿಸುವ ಯಂತ್ರಗಳು ಆಗ ಇರಲಿಲ್ಲ. 1981ರಲ್ಲಿ ಮೈಕೆಲ್ ಟ್ಯಾನರ್ ಅವರಂಥ ಒಬ್ಬಿಬ್ಬರು ಕೈಗೆತ್ತಿಕೊಂಡದ್ದು ಬಿಟ್ಟರೆ ಮೂರು ದಶಕಗಳ ಕಾಲ ಆ ಲೇಖನ ಬಹುಮಟ್ಟಿಗೆ ಮರೆಯಾಗಿಯೇ ಇತ್ತು. 1990ರ ದಶಕದ ನಡುವೆ ಡೇವಿಡ್ ಮೆಕೇ ಮತ್ತು ರಾಡ್‌ಫರ್ಡ್ ನೀಲ್ ಅದೇ ದಾರಿಯನ್ನು ಮತ್ತೆ ಕಂಡುಕೊಂಡ ಮೇಲೆ ಎಲ್ಲವೂ ಬದಲಾಯಿತು. ಉಪಗ್ರಹ ಟಿವಿಗೆ, ವೈಫೈಗೆ ಆ ಕೋಡ್ ಬಂತು. 2016ರಲ್ಲಿ 5ಜಿಯ ಡೇಟಾ ಸಾಗಿಸುವ ಕೆಲಸಕ್ಕೂ ಅದೇ ಆಯ್ಕೆಯಾಯಿತು. ಹಾಗಿದ್ದರೆ, 1975ರಲ್ಲಿ ಆ ಎಂಟು ಪುಟಗಳಿಗೆ ಬೆಲೆ ಇತ್ತೋ, ಇರಲಿಲ್ಲವೋ? ಜನ ಗುರುತಿಸಿದ ಮೇಲೆ ಬೆಲೆ ಹುಟ್ಟಿತೋ, ಅಥವಾ ಮೊದಲೇ ಇದ್ದದ್ದು ಆಮೇಲೆ ಕಂಡಿತೋ?

ಇದು ಪಂಡಿತರ ವಿರಾಮದ ಪ್ರಶ್ನೆಯಲ್ಲ. ಇಂದು ಒಬ್ಬ ಅಧ್ಯಾಪಕರಿಗೆ ಬಡ್ತಿ ಸಿಗುವುದು, ಒಂದು ಪ್ರಯೋಗಾಲಯಕ್ಕೆ ಅನುದಾನ ಬರುವುದು, ಒಂದು ಕಾಲೇಜು ರಾಷ್ಟ್ರೀಯ ಪಟ್ಟಿಯಲ್ಲಿ ಮೇಲೇರುವುದು ಈ ಪ್ರಶ್ನೆಗೆ ನಾವು ಸದ್ದಿಲ್ಲದೆ ಕೊಟ್ಟುಕೊಂಡಿರುವ ಉತ್ತರದ ಮೇಲೆ ನಿಂತಿದೆ. ಆ ಉತ್ತರ ಹೀಗಿದೆ: ಎಷ್ಟು ಜನ ಉಲ್ಲೇಖಿಸಿದರೋ ಅಷ್ಟು ಬೆಲೆ. ಉಲ್ಲೇಖ ಎಣಿಸುವ ಪದ್ಧತಿ ಹುಟ್ಟಿದ್ದು ಮಾತ್ರ ಬಹಳ ವಿನಯದ ಕಾರಣಕ್ಕೆ. 1927ರಲ್ಲಿ ಅಮೆರಿಕದ ಕಾಲೇಜು ಗ್ರಂಥಾಲಯವೊಂದು ಯಾವ ರಸಾಯನಶಾಸ್ತ್ರದ ಜರ್ನಲ್‌ಗಳನ್ನು ತರಿಸಬೇಕು ಎಂದು ತಿಳಿಯಲು ಗ್ರಾಸ್ ಎಂಬ ಹೆಸರಿನ ಇಬ್ಬರು ಅಡಿಟಿಪ್ಪಣಿಗಳನ್ನು ಎಣಿಸಿದರು. 1955ರಲ್ಲಿ ಯೂಜೀನ್ ಗಾರ್ಫೀಲ್ಡ್ ವಿಜ್ಞಾನಕ್ಕೆಲ್ಲ ಒಂದು ಉಲ್ಲೇಖ ಸೂಚಿ ಬೇಕೆಂದು ಬರೆದರು. 1964ರಲ್ಲಿ ಅದು ಹೊರಬಂತು. ಜರ್ನಲ್‌ಗಳನ್ನು ಆರಿಸಿಕೊಳ್ಳಲೆಂದು ಅವರೂ ಇರ್ವಿಂಗ್ ಶೇರ್ ಅವರೂ ಸೇರಿ ಇಂಪ್ಯಾಕ್ಟ್ ಫ್ಯಾಕ್ಟರ್ ಎಂಬ ಸರಾಸರಿಯನ್ನು ರೂಪಿಸಿದರು. ಜರ್ನಲ್ ಒಂದರಲ್ಲಿ ಹಿಂದಿನ ಎರಡು ವರ್ಷ ಬಂದ ಬರಹಗಳಿಗೆ ಈ ವರ್ಷ ಸಿಕ್ಕ ಉಲ್ಲೇಖಗಳನ್ನು ಆ ಎರಡು ವರ್ಷಗಳ ಲೇಖನಗಳ ಸಂಖ್ಯೆಯಿಂದ ಭಾಗಿಸಿದರೆ ಬರುವ ಅಂಕಿ ಅದು. ಗ್ರಂಥಪಾಲಕರ ಕೈಯ ಈ ಸಲಕರಣೆ ಮೆಲ್ಲಗೆ ನೇಮಕಾತಿ ಸಮಿತಿಗಳ ಕೈಗೆ ಬಂತು. 2005ರಲ್ಲಿ ಬಂದ ಎಚ್‌–ಇಂಡೆಕ್ಸ್ ವ್ಯಕ್ತಿಗೇ ಅಂಕಿ ಅಂಟಿಸಿತು. ನಮ್ಮ ಯುಜಿಸಿ 2010ರ ನಿಯಮಗಳಲ್ಲಿ ಇಂಪ್ಯಾಕ್ಟ್ ಫ್ಯಾಕ್ಟರ್ ಹೆಚ್ಚಿರುವ ಜರ್ನಲ್‌ನ ಲೇಖನಕ್ಕೆ ಹೆಚ್ಚು ಅಂಕ ಎಂದು ಗೊತ್ತುಮಾಡಿತು. ಪುಸ್ತಕ ಕೊಳ್ಳಲು ಬಂದ ಲೆಕ್ಕ ಮನುಷ್ಯರನ್ನು ತೂಗುವ ತಕ್ಕಡಿಯಾಯಿತು.

ಈ ತೂಕದ ಹಿಂದೆ ಒಂದು ಅನುಮಾನವಿದೆ. ಸಂದೇಹವೆಂಬ ಅರ್ಥದ ಅನುಮಾನವಲ್ಲ, ನಮ್ಮ ತರ್ಕಶಾಸ್ತ್ರ ಹೇಳುವ ಪ್ರಮಾಣ: ಕಾಣುವ ಗುರುತಿನಿಂದ ಕಾಣದ ವಸ್ತುವನ್ನು ತಿಳಿಯುವ ಬಗೆ. ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿಯಿದೆ ಎನ್ನುತ್ತೇವೆ. ಹೊಗೆಯಿದ್ದಲ್ಲೆಲ್ಲ ಬೆಂಕಿಯಿದ್ದೇ ಇರುತ್ತದೆ ಎಂಬ ತಪ್ಪದ ನಂಟು, ಅಂದರೆ ವ್ಯಾಪ್ತಿ, ಗೊತ್ತಿರುವುದರಿಂದ ಆ ಮಾತು ನಿಲ್ಲುತ್ತದೆ. ಆದರೆ ಅದನ್ನು ತಿರುವಿ, ಬೆಂಕಿಯಿದ್ದಲ್ಲೆಲ್ಲ ಹೊಗೆಯಿರುತ್ತದೆ ಎಂದರೆ ನಿಲ್ಲದು. ಕಾದು ಕೆಂಪಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದೆ, ಹೊಗೆಯಿಲ್ಲ. ಹೊಗೆ ಏಳಬೇಕಾದರೆ ಬೆಂಕಿಯ ಜೊತೆಗೆ ಹಸಿ ಸೌದೆಯೂ ಬೇಕು. ವಾದದಲ್ಲಿ ಹೀಗೆ ಹೇಳದೆ ನುಸುಳಿರುವ ಷರತ್ತನ್ನು ನೈಯಾಯಿಕರು ಉಪಾಧಿ ಎಂದು ಕರೆದು, ಉಪಾಧಿ ಇರುವ ಹೇತುವನ್ನು, ಅಂದರೆ ಗುರುತನ್ನು, ದುಷ್ಟವೆಂದು ತಳ್ಳಿಹಾಕಿದರು. ತರ್ಕಸಂಗ್ರಹ ಓದುವ ಹುಡುಗರಿಗೂ ಈ ಉದಾಹರಣೆ ಬಾಯಿಪಾಠ. ಉಲ್ಲೇಖವನ್ನು ಹೊಗೆಯೆಂದೂ ಜ್ಞಾನದ ಬೆಲೆಯನ್ನು ಬೆಂಕಿಯೆಂದೂ ಇಟ್ಟುಕೊಂಡು ನೋಡಿದರೆ ನಮ್ಮ ಸಮಿತಿಗಳು ಮಾಡುತ್ತಿರುವ ತಪ್ಪು ನಿಚ್ಚಳವಾಗುತ್ತದೆ. ಬೆಲೆಯಿದ್ದರೆ ಉಲ್ಲೇಖ ಬಂದೇ ಬರುತ್ತದೆ, ಬಂದಿಲ್ಲವಾದ್ದರಿಂದ ಬೆಲೆಯಿಲ್ಲ ಎನ್ನುವವರು ಹಸಿ ಸೌದೆಯನ್ನು ಮರೆತಿದ್ದಾರೆ. ಉಲ್ಲೇಖವಿದೆ, ಆದ್ದರಿಂದ ಬೆಲೆಯಿದೆ ಎನ್ನುವವರು ದೂರದ ಮಂಜನ್ನೂ ಹೊಗೆಯೆಂದುಕೊಳ್ಳುವ ಅಪಾಯದಲ್ಲಿದ್ದಾರೆ. ನನ್ನ ವಾದ ಇಷ್ಟು: ಉಲ್ಲೇಖದ ಎಣಿಕೆ ಒಂದು ಕಾಲದ ಒಂದು ಸಮುದಾಯ ಒಂದು ಬರಹವನ್ನು ಎಷ್ಟು ಬಳಸಿತು ಎಂಬುದಕ್ಕೆ ಗುರುತು. ಬರಹದ ಬೆಲೆಗೆ ಅದು ಪ್ರಮಾಣವಲ್ಲ.

ಮೊದಲು ಹಸಿ ಸೌದೆಯನ್ನು ನೋಡೋಣ. ಗ್ಯಾಲಗರ್ ಲೇಖನಕ್ಕೆ ಕೊರತೆಯಾಗಿದ್ದದ್ದು ಸತ್ಯವಲ್ಲ, ಯಂತ್ರಗಳ ವೇಗ. ಇನ್ನೂ ಹಿಂದಿನ ನಿದರ್ಶನ ಕಾರ್ಲ್ ಜಾನ್ಸ್‌ಕಿಯವರದು. ಬೆಲ್ ಲ್ಯಾಬ್ಸ್ ಅವರಿಗೆ ವಹಿಸಿದ್ದ ಕೆಲಸ ಸಾಗರದಾಚೆಗಿನ ರೇಡಿಯೊ ಫೋನಿನಲ್ಲಿ ಕೇಳಿಬರುವ ಗರಗರ ಸದ್ದಿನ ಮೂಲ ಹುಡುಕುವುದು. ನ್ಯೂಜೆರ್ಸಿಯ ಹೋಮ್‌ಡೆಲ್‌ನ ಬಯಲಿನಲ್ಲಿ, ಚಕ್ರಗಳ ಮೇಲೆ ಸುತ್ತುವ ಉದ್ದನೆಯ ಆಂಟೆನಾ ಕಟ್ಟಿ ಅವರು 20.5 ಮೆಗಾಹರ್ಟ್ಸ್‌ನಲ್ಲಿ ಆಲಿಸಿದರು. ಹತ್ತಿರದ ಗುಡುಗು, ದೂರದ ಗುಡುಗು ಎರಡನ್ನೂ ಬೇರ್ಪಡಿಸಿದ ಮೇಲೆಯೂ ಒಂದು ಸಣ್ಣ ಮೊರೆತ ಉಳಿಯಿತು. ಅದು ದಿನಕ್ಕೊಮ್ಮೆ ಏರುತ್ತಿತ್ತು. ಆದರೆ ಆ ದಿನ 24 ಗಂಟೆಯದಲ್ಲ, 23 ಗಂಟೆ 56 ನಿಮಿಷದ್ದು. ಸೂರ್ಯನ ಲೆಕ್ಕದ ದಿನವಲ್ಲ, ನಕ್ಷತ್ರಗಳ ಲೆಕ್ಕದ ದಿನ. ಹಾಗಾಗಿ ಸದ್ದು ಬರುತ್ತಿದ್ದುದು ಭೂಮಿಯಿಂದಲ್ಲ, ಸೂರ್ಯನಿಂದಲೂ ಅಲ್ಲ, ಧನು ರಾಶಿಯ ದಿಕ್ಕಿನಲ್ಲಿರುವ ಆಕಾಶಗಂಗೆಯ ನಡುವಿನಿಂದ. 1933ರ ಅಕ್ಟೋಬರ್‌ನಲ್ಲಿ ಅದೇ ರೇಡಿಯೊ ಎಂಜಿನಿಯರ್‌ಗಳ ಸಂಸ್ಥೆಯ ಪ್ರೊಸೀಡಿಂಗ್ಸ್ ಜರ್ನಲ್‌ನಲ್ಲಿ ಅವರು ಇದನ್ನು ಪ್ರಕಟಿಸಿದರು. ರೇಡಿಯೊ ಖಗೋಳಶಾಸ್ತ್ರ ಹುಟ್ಟಿದ್ದೇ ಆ ಪುಟಗಳಲ್ಲಿ. ಪತ್ರಿಕೆಗಳು ಸುದ್ದಿ ಮಾಡಿದವು, ವಿದ್ವಾಂಸರು ಮಾತ್ರ ಬೆನ್ನುಹತ್ತಲಿಲ್ಲ. ಎಂಜಿನಿಯರ್‌ಗಳಿಗೆ ಅದು ತೊಲಗಿಸಲಾಗದ ಗದ್ದಲ, ಖಗೋಳಜ್ಞರಿಗೆ ಪರಿಚಯವಿಲ್ಲದ ಉಪಕರಣ. ಇಲಿನಾಯ್‌ನ ವೀಟನ್‌ನಲ್ಲಿ ಗ್ರೋಟ್ ರೇಬರ್ ಎಂಬ ಎಂಜಿನಿಯರ್ 1937ರಲ್ಲಿ ಸ್ವಂತ ಖರ್ಚಿನಲ್ಲಿ ತಟ್ಟೆಯಾಕಾರದ ಆಂಟೆನಾ ಕಟ್ಟಿಕೊಂಡು ಆ ಕೆಲಸ ಮುಂದುವರಿಸಿದರು. ಜಾನ್ಸ್‌ಕಿ 1950ರಲ್ಲಿ ತೀರಿಕೊಂಡರು. ರೇಡಿಯೊ ಅಲೆಗಳ ತೀವ್ರತೆ ಅಳೆಯುವ ಮಾನಕ್ಕೆ ಅವರ ಹೆಸರು ಬಂದದ್ದು 1973ರಲ್ಲಿ. ಎರಡು ವರ್ಷದ ಕಿಟಕಿಯಿಂದ ನೋಡಿದ್ದರೆ ಈ ಲೇಖನದಿಂದ ಯಾವ ಹೊಗೆಯೂ ಕಾಣುತ್ತಿರಲಿಲ್ಲ.

ಎರಡನೆಯ ಉಪಾಧಿ ಭಾಷೆ. ದೂರದರ್ಶನದ ದಿನಗಳಲ್ಲಿ ನಮ್ಮ ಊರೂರ ಮಾಡಿನ ಮೇಲೆ ನಿಂತಿದ್ದ, ಮೀನಿನ ಮುಳ್ಳಿನಂತೆ ಅಡ್ಡಕಡ್ಡಿಗಳಿದ್ದ ಆಂಟೆನಾವನ್ನು ಎಂಜಿನಿಯರ್‌ಗಳು ಯಾಗಿ ಎನ್ನುತ್ತಾರೆ. ಜಪಾನಿನ ಸೆಂಡಾಯ್‌ನ ವಿಶ್ವವಿದ್ಯಾಲಯದಲ್ಲಿ ಅದನ್ನು ಕಟ್ಟಿ, ಅಳೆದು, ಕಡ್ಡಿಗಳ ಉದ್ದ ಮತ್ತು ಅಂತರ ಗೊತ್ತುಮಾಡುವ ಕೆಲಸದ ಬಹುಭಾಗ ಮಾಡಿದವರು ಶಿಂತಾರೊ ಉದಾ. ಅವರ ಲೇಖನಮಾಲೆ ಜಪಾನಿ ಭಾಷೆಯ ಜರ್ನಲ್‌ನಲ್ಲಿ ಬಂತು. ಅವರ ಹಿರಿಯರಾದ ಹಿದೆತ್ಸುಗು ಯಾಗಿ 1928ರಲ್ಲಿ ಅದೇ ವಿಷಯವನ್ನು ಇಂಗ್ಲಿಷಿನಲ್ಲಿ, ರೇಡಿಯೊ ಎಂಜಿನಿಯರ್‌ಗಳ ಪ್ರೊಸೀಡಿಂಗ್ಸ್‌ನಲ್ಲಿ ಬರೆದರು. ಯಾಗಿ ಉದಾರನ್ನು ಮರೆಯಲಿಲ್ಲ, ಅವರ ಕೆಲಸವನ್ನು ಆ ಲೇಖನದಲ್ಲಿ ನೆನೆದಿದ್ದಾರೆ. ಆದರೂ ಲೋಕ ಓದಿದ್ದು ಇಂಗ್ಲಿಷ್ ಲೇಖನವನ್ನು, ಉಲ್ಲೇಖಿಸಿದ್ದು ಅದನ್ನೇ, ಹೆಸರಿಟ್ಟದ್ದೂ ಅದನ್ನು ನೋಡಿಯೇ. ಯಾಗಿ–ಉದಾ ಎಂದು ಜೊತೆಯಾಗಿ ಹೇಳುವ ರೂಢಿ ಇದ್ದರೂ ಬರಿದೇ ಯಾಗಿ ಎನ್ನುವವರೇ ಇಂದಿಗೂ ಹೆಚ್ಚು. ಇಲ್ಲಿ ಬೆಂಕಿ ಒಂದೇ. ಒಂದು ಭಾಷೆಯಲ್ಲಿ ಹೊಗೆ ಎದ್ದಿತು, ಇನ್ನೊಂದರಲ್ಲಿ ಏಳಲಿಲ್ಲ. ಕನ್ನಡದಲ್ಲಿ ಶಾಸನಗಳ ಬಗ್ಗೆಯೋ ಕೃಷಿಯ ಬಗ್ಗೆಯೋ ಗಟ್ಟಿಯಾದ ಸಂಶೋಧನೆ ಬರೆಯುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅವರ ಬರಹ ಸೂಚಿಯ ಒಳಗೇ ಬಾರದಿದ್ದಾಗ ಅದಕ್ಕೆ ಬಂದ ಸೊನ್ನೆ ಬರಹದ ಮೇಲಿನ ತೀರ್ಪಲ್ಲ, ಸೂಚಿಯ ಗಡಿಯ ವಿವರಣೆ.

ಮೂರನೆಯ ಉಪಾಧಿ ಗಾಳಿ ಬೀಸುವ ದಿಕ್ಕು. ಸಂಶೋಧನೆಯ ಪ್ರವೃತ್ತಿ ಎಂದು ನಾವು ಗೌರವದಿಂದ ಕರೆಯುವುದರಲ್ಲಿ ಎಷ್ಟೋ ಪಾಲು ಇದೇ. 1913ರಲ್ಲಿ ಆರಂಭವಾದ ಪ್ರೊಸೀಡಿಂಗ್ಸ್‌ನ ಸಂಪುಟಗಳನ್ನು ಸಾಲಾಗಿ ನೋಡಿದರೆ ನಿರ್ವಾತ ಕೊಳವೆ, ಅಲೆಗಳ ಪ್ರಸರಣ, ಟೆಲಿವಿಷನ್, ರೇಡಾರ್ ಒಂದಾದ ಮೇಲೊಂದು ತುಂಬಿಕೊಂಡದ್ದು ಕಾಣುತ್ತದೆ. 1952ರ ನವೆಂಬರ್‌ನಲ್ಲಿ ಇಡೀ ಸಂಚಿಕೆಯೇ ಟ್ರಾನ್ಸಿಸ್ಟರ್‌ಗೆ ಮೀಸಲಾಯಿತು. ಹೊಸ ವಿಷಯಕ್ಕೆ ಜನ ಮುಗಿಬಿದ್ದಾಗ ಒಬ್ಬರನ್ನೊಬ್ಬರು ಉಲ್ಲೇಖಿಸುವವರ ಗುಂಪು ದೊಡ್ಡದಾಗುತ್ತದೆ, ಅಂಕಿ ಏರುತ್ತದೆ. ಗುಂಪು ದೊಡ್ಡದಾದದ್ದಕ್ಕೆ ಏರಿದ ಅಂಕಿಯನ್ನು ವಿಚಾರದ ಆಳಕ್ಕೆ ಏರಿದ್ದೆಂದು ಓದುವುದು ಸುಲಭ. ಇದರ ವಿರುದ್ಧ ಎಚ್ಚರಿಸಿದವರು, ಆ ಗಾಳಿ ಬೀಸುವುದಕ್ಕೆ ಕಾರಣರಾಗಿದ್ದವರೇ. 1948ರಲ್ಲಿ ಮಾಹಿತಿ ಸಿದ್ಧಾಂತಕ್ಕೆ ಅಡಿಪಾಯ ಹಾಕಿದ ಕ್ಲಾಡ್ ಶಾನನ್, 1956ರಲ್ಲಿ ಮಾಹಿತಿ ಸಿದ್ಧಾಂತದ ಅದೇ ಜರ್ನಲ್‌ನಲ್ಲಿ ಒಂದೇ ಪುಟದ ಸಂಪಾದಕೀಯ ಬರೆದು, ಈ ಸಿದ್ಧಾಂತ ತನ್ನ ನಿಜವಾದ ಸಾಧನೆಗೆ ಮೀರಿದ ಮಹತ್ವಕ್ಕೆ ಉಬ್ಬಿಸಲ್ಪಟ್ಟಿದೆ, ಮನಶ್ಶಾಸ್ತ್ರದಿಂದ ಅರ್ಥಶಾಸ್ತ್ರದವರೆಗೆ ಎಲ್ಲರೂ ಮೆರವಣಿಗೆಯ ಬಂಡಿ ಹತ್ತುತ್ತಿದ್ದಾರೆ, ನಾವು ನಮ್ಮ ಮನೆಯನ್ನು ಮೊದಲು ಅಚ್ಚುಕಟ್ಟಾಗಿಟ್ಟುಕೊಳ್ಳೋಣ ಎಂಬ ಅರ್ಥದ ಮಾತು ಹೇಳಿದರು. ತನ್ನ ಹೆಸರಿನ ಉಲ್ಲೇಖ ಏರುತ್ತಿರುವಾಗ, ಈ ಏರಿಕೆಯನ್ನು ನಂಬಬೇಡಿ ಎಂದು ಹೇಳಲು ಬೇಕಾದದ್ದು ಗಣಿತದ ಬುದ್ಧಿಗಿಂತ ದೊಡ್ಡ ಗುಣ. ಆರು ವರ್ಷದ ಮೇಲೆ ಅದೇ ಜರ್ನಲ್‌ನಲ್ಲಿ ಬಂದ ಗ್ಯಾಲಗರ್ ಲೇಖನವನ್ನು ಗಾಳಿ ಮುಟ್ಟಲೇ ಇಲ್ಲ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು.

ಇನ್ನು ಮಂಜಿನ ಮಾತು. ಅಂಕಿಗೆ ಸಂಬಳ ಕಟ್ಟಿದ ಕೂಡಲೇ ಅಂಕಿಯನ್ನೇ ತಯಾರಿಸುವ ಉದ್ಯಮ ಹುಟ್ಟುತ್ತದೆ. ತಮ್ಮ ಜರ್ನಲ್‌ನ ಲೇಖನಗಳನ್ನು ಸೇರಿಸಿದರೆ ಮಾತ್ರ ಪ್ರಕಟಣೆ ಎಂದು ಸಂಪಾದಕರು ಒತ್ತಾಯಿಸುವುದನ್ನು 2012ರಲ್ಲಿ ವಿಲ್‌ಹೈಟ್ ಮತ್ತು ಫಾಂಗ್ ಸಮೀಕ್ಷೆ ಮಾಡಿ ಸೈನ್ಸ್ ಪತ್ರಿಕೆಯಲ್ಲಿ ದಾಖಲಿಸಿದರು. ಸ್ವಂತ ಉಲ್ಲೇಖ ಮಿತಿಮೀರಿದ ಜರ್ನಲ್‌ಗಳನ್ನು ಸೂಚಿಯವರೇ ಪಟ್ಟಿಯಿಂದ ತಡೆಹಿಡಿಯುವುದುಂಟು. ಮೋಸವಿಲ್ಲದ ಕಡೆಯೂ ಸರಾಸರಿ ದಾರಿ ತಪ್ಪಿಸುತ್ತದೆ. ಸ್ಫಟಿಕಶಾಸ್ತ್ರದ ಆಕ್ಟಾ ಕ್ರಿಸ್ಟಲೋಗ್ರಾಫಿಕಾ ಎ ಜರ್ನಲ್‌ನ ಇಂಪ್ಯಾಕ್ಟ್ ಫ್ಯಾಕ್ಟರ್ ಸುಮಾರು 2 ಇದ್ದದ್ದು 2009ರಲ್ಲಿ 50ರ ಹತ್ತಿರಕ್ಕೆ ಜಿಗಿಯಿತು. ಕಾರಣ, ಎಲ್ಲರೂ ಬಳಸುವ ಒಂದು ಸಾಫ್ಟ್‌ವೇರ್ ಕುರಿತ ಒಂದೇ ಲೇಖನ. ಆ ವರ್ಷ ಅಲ್ಲಿ ಬರೆದ ಮಿಕ್ಕವರ ಕೆಲಸ ಒಂದಿಷ್ಟೂ ಬದಲಾಗಿರಲಿಲ್ಲ. ಎಣಿಕೆಗೆ ಇನ್ನೊಂದು ಕುರುಡೂ ಇದೆ: ಒಪ್ಪಿ ಹೇಳಿದ್ದು, ಖಂಡಿಸಲು ಹೇಳಿದ್ದು ಎರಡೂ ಅದಕ್ಕೆ ಒಂದೇ. ಎಫ್‌ಎಂ ಪ್ರಸಾರದಿಂದ ಯಾವ ಲಾಭವೂ ಇಲ್ಲವೆಂದು ಜಾನ್ ಕಾರ್ಸನ್ 1922ರಲ್ಲಿ, ಗದ್ದಲ ತಗ್ಗಿಸಲು ಅದೇ ದಾರಿಯೆಂದು ಎಡ್ವಿನ್ ಆರ್ಮ್‌ಸ್ಟ್ರಾಂಗ್ 1936ರಲ್ಲಿ, ಇಬ್ಬರೂ ಪ್ರೊಸೀಡಿಂಗ್ಸ್‌ನಲ್ಲೇ ಬರೆದರು. ಪೂರ್ವಪಕ್ಷ ಯಾವುದು, ಸಿದ್ಧಾಂತ ಯಾವುದು ಎಂದು ಓದಿದವರಿಗೆ ತಿಳಿಯುತ್ತದೆ, ಎಣಿಸಿದವರಿಗೆ ತಿಳಿಯುವುದಿಲ್ಲ. ಕಡೆಯದಾಗಿ, ಅತಿ ದೊಡ್ಡ ವಿಚಾರಗಳು ಎಲ್ಲರ ಮಾತಿನಲ್ಲಿ ಬೆರೆತು ಉಲ್ಲೇಖವನ್ನೇ ಕಳೆದುಕೊಳ್ಳುತ್ತವೆ ಎಂಬುದನ್ನು ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ ಗುರುತಿಸಿದ್ದರು. ಹರ್ಟ್ಸ್ ಎಂಬ ಮಾನವನ್ನು ಬಳಸುವ ಯಾರೂ ಹೈನ್ರಿಕ್ ಹರ್ಟ್ಸ್ ಅವರ ಲೇಖನವನ್ನು ಅಡಿಟಿಪ್ಪಣಿಯಲ್ಲಿ ಕೊಡುವುದಿಲ್ಲ.

ಇದಕ್ಕೆ ಎದುರಾಗಿ ಬರುವ ಬಲವಾದ ಆಕ್ಷೇಪ ನಮ್ಮ ದೇಶದ ಅನುಭವದಿಂದಲೇ ಬರುತ್ತದೆ. ಅಂಕಿ ಬೇಡವೆಂದರೆ ಏನುಳಿಯುತ್ತದೆ? ಜಾತಿ, ಶಿಫಾರಸು, ಗುರುಗಳ ಕೃಪೆ, ಸಮಿತಿಯ ಅಧ್ಯಕ್ಷರ ಮುಖ ನೋಡುವುದು. ಹಳ್ಳಿಯ ಕಾಲೇಜಿನಿಂದ ಬಂದ, ಬೆನ್ನಿಗೆ ಯಾರೂ ಇಲ್ಲದ ಒಬ್ಬ ತರುಣಿಗೆ ಎಚ್‌–ಇಂಡೆಕ್ಸ್ ಕೊಡುವ ರಕ್ಷಣೆಯನ್ನು ಯಾವ ಹಿರಿಯರ ಸದ್ಭಾವವೂ ಕೊಡದು. ಈ ಆಕ್ಷೇಪದ ಹಿಂದಿರುವ ನೋವನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ಆದರೆ ಅಂಕಿ ಆ ಪಕ್ಷಪಾತದ ಹೊರಗೆ ನಿಂತಿಲ್ಲ. ಯಾರನ್ನು ಉಲ್ಲೇಖಿಸಬೇಕು ಎಂದು ಆರಿಸುವವರು ಅದೇ ಮನುಷ್ಯರು. ಹೆಸರಾದವರಿಗೆ ಇನ್ನಷ್ಟು ಹೆಸರು ಕೂಡಿಬರುವುದನ್ನು ಮರ್ಟನ್ 1968ರಲ್ಲೇ ವಿವರಿಸಿದ್ದರು. ದೊಡ್ಡ ಪ್ರಯೋಗಾಲಯದ, ದೊಡ್ಡ ಗುಂಪಿನ, ಇಂಗ್ಲಿಷಿನಲ್ಲಿ ಬರೆಯುವ, ಗಾಳಿ ಬೀಸುವ ಕಡೆ ನಿಂತವರ ಅಂಕಿ ತಾನಾಗಿ ಬೆಳೆಯುತ್ತದೆ. ಸಾವಿರ ಸಣ್ಣ ಪಕ್ಷಪಾತಗಳನ್ನು ಕೂಡಿಸಿದರೆ ಸಿಗುವುದು ನಿಷ್ಪಕ್ಷಪಾತವಲ್ಲ, ಯಾರನ್ನೂ ಹೊಣೆ ಮಾಡಲಾಗದ ಪಕ್ಷಪಾತ. ಸಮಿತಿಯ ಅನ್ಯಾಯಕ್ಕೆ ಮದ್ದು, ಸಮಿತಿ ತನ್ನ ತೀರ್ಪಿನ ಕಾರಣಗಳನ್ನು ಬರೆದು ಹೊರಗಿಡುವಂತೆ ಮಾಡುವುದು. ಕಾರಣ ಬರೆದರೆ ಅದನ್ನು ಪ್ರಶ್ನಿಸಬಹುದು, ಖಂಡಿಸಬಹುದು. ಬರಿಯ ಅಂಕಿಯ ಎದುರು ಆ ತರುಣಿ ಏನೆಂದು ವಾದಿಸಿಯಾಳು?

ಎರಡನೆಯ ಆಕ್ಷೇಪ ಹೀಗೆ: ಗ್ಯಾಲಗರ್, ಜಾನ್ಸ್‌ಕಿ ಇವರೆಲ್ಲ ಅಪರೂಪದ ಅಪವಾದಗಳು. ತಡವಾದರೂ ಅವರಿಗೆ ಮನ್ನಣೆ ಬಂತಲ್ಲ. ಹಾಗಾದರೆ ದೀರ್ಘಕಾಲದಲ್ಲಿ ಎಣಿಕೆ ಸತ್ಯವನ್ನೇ ಹೇಳುತ್ತದೆ. ಈ ಮಾತಿನಲ್ಲಿ ಎರಡು ಬಿರುಕುಗಳಿವೆ. ನೇಮಕಾತಿಯೂ ಅನುದಾನವೂ ದೀರ್ಘಕಾಲ ಕಾಯುವುದಿಲ್ಲ. ಎರಡು ವರ್ಷದ ಕಿಟಕಿ ಕತ್ತರಿಸಿ ಹಾಕುವುದು ಆ ದೀರ್ಘಕಾಲವನ್ನೇ. ಅದಕ್ಕಿಂತ ದೊಡ್ಡ ಬಿರುಕು, ನಾವು ಹೆಸರಿಸಬಲ್ಲವರು ಕೊನೆಗೂ ಕಂಡವರು ಮಾತ್ರ. ಮೆಕೇ ಮತ್ತು ನೀಲ್ ಅಂಥವರು ಬಾರದೆ ಹೋದ ಲೇಖನಗಳು ಎಷ್ಟಿವೆ ಎಂದು ಹೇಳಲು ನಮ್ಮ ಬಳಿ ದಾರಿಯೇ ಇಲ್ಲ. ಅಪವಾದ ಅಪರೂಪ ಎಂದು ಹೇಳಬೇಕಾದರೆ ಕಾಣದೆ ಉಳಿದವನ್ನೂ ಎಣಿಸಿರಬೇಕು. ಎಣಿಸಲಾಗದ್ದನ್ನು ಅಪರೂಪ ಎನ್ನುವುದು ಎಣಿಕೆಗೇ ಮಾಡುವ ಅಪಚಾರ. ತರ್ಕದ ಮಟ್ಟದಲ್ಲಿಯೂ, ವ್ಯಾಪ್ತಿ ಮುರಿಯಲು ನೂರು ನಿದರ್ಶನ ಬೇಕಿಲ್ಲ, ನಿಜವಾದ ಒಂದು ಸಾಕು. ಹೆಚ್ಚಿನ ಸಲ ಹೀಗಾಗುತ್ತದೆ ಎಂಬ ಸಂಭಾವನೆ ಉಳಿದುಕೊಳ್ಳಬಹುದು. ಒಬ್ಬ ವ್ಯಕ್ತಿಯ ಬದುಕನ್ನು ನಿರ್ಧರಿಸುವಾಗ ಸಂಭಾವನೆಯನ್ನು ಪ್ರಮಾಣದ ಪೀಠದಲ್ಲಿ ಕೂರಿಸಬಾರದು.

ಮೂರನೆಯದು ಕೈಯಳತೆಯ ಆಕ್ಷೇಪ: ಇಷ್ಟೆಲ್ಲ ಬರಹವನ್ನು ಓದಲು ಯಾರಿಗೆ ಸಮಯವಿದೆ? ಎಲ್ಲವನ್ನೂ ಓದಿ ಎಂದು ಯಾರೂ ಕೇಳುತ್ತಿಲ್ಲ. ಒಂದು ಗ್ರಂಥಾಲಯ ಸಾವಿರಾರು ಜರ್ನಲ್‌ಗಳಲ್ಲಿ ಯಾವುದನ್ನು ತರಿಸಲಿ ಎಂದು ನೋಡುವಾಗ, ಒಂದು ಕ್ಷೇತ್ರ ಎತ್ತ ಸಾಗುತ್ತಿದೆ ಎಂದು ಇತಿಹಾಸಕಾರರು ಹುಡುಕುವಾಗ ಎಣಿಕೆ ಬಹಳ ಒಳ್ಳೆಯ ಸಹಾಯಕ. ಗ್ರಂಥಾಲಯದ ಕೆಲಸಕ್ಕೆ ಗಣಿತ ತರಬೇಕೆಂದು 1948ರಲ್ಲೇ ಹೇಳಿ ಅದಕ್ಕೆ ಲೈಬ್ರಮೆಟ್ರಿ ಎಂದು ಹೆಸರಿಟ್ಟವರು ನಮ್ಮವರೇ ಆದ ಎಸ್. ಆರ್. ರಂಗನಾಥನ್. 1962ರಲ್ಲಿ ಬೆಂಗಳೂರಿನಲ್ಲಿ ದಾಖಲೆಶಾಸ್ತ್ರದ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿ ನಿಲ್ಲಿಸಿದವರೂ ಅವರೇ. ಗ್ರಂಥಾಲಯಕ್ಕೆ ಅವರು ಕೊಟ್ಟ ಐದು ಸೂತ್ರಗಳಲ್ಲಿ ಲೆಕ್ಕಕ್ಕಿರುವ ಜಾಗ ಓದುಗರ ಸೇವೆಯದು: ಓದುಗರಿಗೆ ಪುಸ್ತಕ ಸಿಗಬೇಕು, ಪುಸ್ತಕಕ್ಕೆ ಓದುಗರು ಸಿಗಬೇಕು. ಎಣಿಕೆ ಓದಿಗೆ ದಾರಿ ತೋರಿಸುವಾಗ ಆ ಮರ್ಯಾದೆಯಲ್ಲಿರುತ್ತದೆ, ಓದಿನ ಜಾಗದಲ್ಲಿ ತಾನೇ ಕುಳಿತಾಗ ಅದನ್ನು ಮೀರುತ್ತದೆ. ಒಬ್ಬರನ್ನು ನೇಮಿಸುವಾಗ ಅವರೇ ಆರಿಸಿಕೊಟ್ಟ ಮೂರೋ ನಾಲ್ಕೋ ಲೇಖನಗಳನ್ನು ಓದುವುದು ಅಸಾಧ್ಯವಲ್ಲ. ಜರ್ನಲ್‌ನ ಅಂಕಿಯಿಂದ ವ್ಯಕ್ತಿಯನ್ನು ಅಳೆಯಬೇಡಿ ಎಂದು 2012ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಸೇರಿದ ವಿಜ್ಞಾನಿಗಳೂ ಸಂಪಾದಕರೂ ರೂಪಿಸಿದ ಘೋಷಣೆ, 2015ರ ಲೈಡನ್ ಪ್ರಣಾಳಿಕೆ ಎರಡೂ ಇದನ್ನೇ ಕೇಳುತ್ತವೆ.

ತರ್ಕದ ತಪ್ಪಿಗಿಂತ ನನ್ನನ್ನು ಹೆಚ್ಚು ಕಾಡುವುದು ಧರ್ಮದ ತಪ್ಪು. ಮನುಷ್ಯರು ಹುಟ್ಟುವಾಗಲೇ ಸಾಲಗಾರರು ಎಂಬ ವಿಚಾರ ನಮ್ಮಲ್ಲಿ ತೈತ್ತಿರೀಯ ಸಂಹಿತೆಯಷ್ಟು ಹಳೆಯದು. ದೇವ, ಪಿತೃ, ಋಷಿ ಎಂಬ ಮೂರು ಋಣಗಳಲ್ಲಿ ಋಷಿಗಳದ್ದು ತೀರುವುದು ಅಧ್ಯಯನದಿಂದ. ಸಂಹಿತೆ ಅದನ್ನು ಒಂದು ವರ್ಣದವರಿಗಷ್ಟೇ ಹೇಳಿತ್ತು. ಜ್ಞಾನ ಪಡೆದ ಯಾರಿಗೂ ಆ ಋಣ ತಪ್ಪಿದ್ದಲ್ಲ ಎಂದು ಇಂದು ನಾವು ಅದನ್ನು ಹಿಗ್ಗಿಸಿ ಓದಬೇಕು, ಓದಬಹುದು. ಈ ಋಣದ ವಿಶೇಷವೇನೆಂದರೆ ಕೊಟ್ಟವರಿಗೇ ಹಿಂದಿರುಗಿಸಿ ಇದನ್ನು ತೀರಿಸಲಾಗದು. ಅವರಲ್ಲಿ ಎಷ್ಟೋ ಮಂದಿ ಇಲ್ಲವಾಗಿದ್ದಾರೆ. ಅವರಿಂದ ಪಡೆದದ್ದನ್ನು ಅರ್ಥಮಾಡಿಕೊಂಡು, ಬೆಳೆಸಿ, ಮುಂದಿನವರ ಕೈಗಿಡುವುದೇ ತೀರುವೆ. ಅಡಿಟಿಪ್ಪಣಿ ಎಂಬುದು ಹಾಗೆ ಮಾಡುವಾಗ ತಲೆಬಾಗಿ ಹೇಳುವ ಮಾತು: ಇದು ನನ್ನೊಬ್ಬನದಲ್ಲ, ಇಂಥವರಿಂದ ಪಡೆದೆ. ಈ ಮಾತನ್ನು ನಾಣ್ಯ ಮಾಡಿದಾಗ ಎರಡೂ ಕಡೆಯ ಸಂಬಂಧ ಕೆಡುತ್ತದೆ. ಪಡೆದವರು ಕೃತಜ್ಞತೆಯ ಬದಲು ಪಾವತಿ ಮಾಡುತ್ತಾರೆ, ಕೊಟ್ಟವರು ಗುರುವಿನ ಬದಲು ವಸೂಲಿದಾರರಾಗುತ್ತಾರೆ. ಓದದ ಲೇಖನವನ್ನು ಪಟ್ಟಿಗೆ ಸೇರಿಸುವವರು ಸಾಲ ಪಡೆಯದೆಯೇ ರಸೀತಿ ಬರೆಯುತ್ತಾರೆ. ಓದಿ, ಬಳಸಿ, ಸ್ಪರ್ಧಿಯೆಂಬ ಕಾರಣಕ್ಕೆ ಹೆಸರು ಬಿಡುವವರು ಸಾಲವನ್ನೇ ಮುಚ್ಚಿಡುತ್ತಾರೆ. ಎರಡೂ ಸುಳ್ಳೇ. ಅಂಕಿ ಎರಡನ್ನೂ ತೋರಿಸದು.

ಹಾಗಾಗಿ ಮೊದಲ ಪ್ರಶ್ನೆಗೆ ನನ್ನ ಉತ್ತರ ಇದು. ಬೆಲೆ ಮನ್ನಣೆಯಿಂದ ಹುಟ್ಟುವುದಿಲ್ಲ, ಮನ್ನಣೆ ಅದನ್ನು ಕಂಡುಕೊಳ್ಳುತ್ತದೆ, ಕೆಲವೊಮ್ಮೆ ಕಾಣದೆಯೂ ಹೋಗುತ್ತದೆ. ನಿಜವಾದ ಜ್ಞಾನ ವಸ್ತುವಿನ ಸ್ವರೂಪಕ್ಕೆ ಬದ್ಧವಾಗಿರುತ್ತದೆ, ಒಪ್ಪಿದವರ ಸಂಖ್ಯೆಗಲ್ಲ; ಒಪ್ಪುವವರು ಒಬ್ಬರೂ ಇಲ್ಲದ ದಿನವೂ ಅದು ನಿಜವೇ. ಇದನ್ನು ಒಪ್ಪಿದರೆ ಹೊಣೆ ನಮ್ಮ ಮೇಲೆ ಬೀಳುತ್ತದೆ. ಬೆಲೆ ತಾನಾಗಿ ಅಂಕಿಯಾಗಿ ಮೇಲೆ ತೇಲಿಬರುವುದಿಲ್ಲ ಎಂದಾದ ಮೇಲೆ ಯಾರಾದರೂ ಇಳಿದು ಹುಡುಕಲೇಬೇಕು. ಸಮಿತಿಯಲ್ಲಿ ಕುಳಿತವರು ಎದುರಿನ ಅಭ್ಯರ್ಥಿಯ ಬರಹವನ್ನು ಓದದೆ ಸಹಿ ಹಾಕಬಾರದು. ಮಾರ್ಗದರ್ಶಕರು ತಮ್ಮ ವಿದ್ಯಾರ್ಥಿ ಪಟ್ಟಿಗೆ ಸೇರಿಸುವ ಒಂದೊಂದು ಹೆಸರಿಗೂ ಇವರಿಂದ ನೀನು ಪಡೆದದ್ದೇನು ಎಂದು ಕೇಳಬೇಕು. ವಿಶ್ವವಿದ್ಯಾಲಯಗಳು ಓದುವುದಕ್ಕೆ ತಗಲುವ ಸಮಯವನ್ನೂ ಕೆಲಸವೆಂದು ಎಣಿಸಬೇಕು. ಋಷಿಋಣ ತೀರಿಸಲು ಹಿಂದಿನವರು ಹೇಳಿದ ದಾರಿ ಅಧ್ಯಯನ ಒಂದೇ, ಅದಕ್ಕೆ ಬದಲಿಯಾಗಿ ಲೆಕ್ಕ ಒಪ್ಪಿಸಲು ಬರುವುದಿಲ್ಲ.